ಶ್ರೇಯಾಂಕದ ಪಟ್ಟಿಯೂ ವಿಶ್ವಪದವಿಯೂ: ಇಂಡಿಯನ್ ಓಪನ್ ಸ್ನೂಕರ್ ಪಂದ್ಯಾವಳಿಯನ್ನು ಕುರಿತು

ಕೇರಂ ಹಲಗೆಯ ಸರದಿಗಾಗಿ ಕಾಯುತ್ತ ಕುಳಿತವರಿಗೆ ಮಾತಿನ ಬಡತನವಿರುವುದಿಲ್ಲ. ನಮ್ಮ ಕಾಲೇಜಿನ ಕ್ರೀಡಾಕೊಠಡಿಯ ಮುಂದಿನ ಜಗಲಿಯಲ್ಲಿ ಒಂದು ಮಧ್ಯಾಹ್ನ ಹೀಗೆಯೇ ಕುಳಿತಿದ್ದಾಗ, ಚಿಂತಾಮಣಿಯ ಕಡೆಯ ಗೆಳೆಯನೊಬ್ಬನು ಒಂದು ಪ್ರಶ್ನೆ ಕೇಳಿದನು. "ಅಲ್ಲಪ್ಪ, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಇಪ್ಪತ್ತೆಂಟು ಸಲ ವಿಶ್ವ ಚಾಂಪಿಯನ್ ಆದರು ಅಂತ ಪತ್ರಿಕೆಯಲ್ಲಿ ಓದಿದೆ. ಸ್ನೂಕರಿನ ಶ್ರೇಯಾಂಕದ ಪಟ್ಟಿಯನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದೆ, ಅವರ ಹೆಸರೇ ಇಲ್ಲ! ಪತ್ರಿಕೆ ಸುಳ್ಳೋ, ಪಟ್ಟಿ ಸುಳ್ಳೋ?"

ಜಗಲಿಯ ಮೇಲಿದ್ದ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಅಷ್ಟರಲ್ಲಿ ಹಲಗೆ ಖಾಲಿಯಾಯಿತು, ಎಲ್ಲರೂ ಎದ್ದು ಒಳಗೆ ಹೋದೆವು. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಪತ್ರಿಕೆಯೂ ಸುಳ್ಳಾಡಿಲ್ಲ, ಪಟ್ಟಿಯೂ ಸುಳ್ಳಾಡಿಲ್ಲ ಎಂಬುದು ಆಮೇಲೆ ತಿಳಿದುಬಂದಿತು. ಎರಡೂ ನಿಜವಾಗಿರುವುದು ಹೇಗೆ ಎಂಬುದನ್ನು, ನಮ್ಮ ದೇಶದಲ್ಲಿ ಐದು ಸಲ ನಡೆದ ಒಂದು ಪಂದ್ಯಾವಳಿಯ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟವನ್ನು ಅರಿಯದ ವಾಚಕರಿಗಾಗಿ ಮೊದಲು ಎರಡು ಮಾತು. ಸ್ನೂಕರಿನ ಮೇಜು ಸುಮಾರು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಸಿರು ಬನಾತಿನ ಕೆಳಗೆ ಕಲ್ಲಿನ ಚಪ್ಪಡಿಗಳಿರುತ್ತವೆ. ಆರು ಜೇಬುಗಳು. ಕೋಲಿನಿಂದ ಹೊಡೆಯತಕ್ಕದ್ದು ಬಿಳಿಯ ಚೆಂಡನ್ನು ಮಾತ್ರ. ಅದು ಹೋಗಿ ಮಿಕ್ಕವುಗಳನ್ನು ಜೇಬಿಗೆ ತಳ್ಳಬೇಕು. ಕೆಂಪು ಚೆಂಡುಗಳು ಹದಿನೈದು, ಒಂದೊಂದಕ್ಕೂ ಒಂದು ಅಂಕ. ಬಣ್ಣದವು ಆರು: ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಒಂದು ಕೆಂಪನ್ನು ಹಾಕಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಹಾಕಿದ ಬಣ್ಣದ ಚೆಂಡು ಮತ್ತೆ ಮೇಜಿಗೆ ಬರುತ್ತದೆ, ಕೆಂಪು ಬರುವುದಿಲ್ಲ. ಕೆಂಪುಗಳೆಲ್ಲ ಮುಗಿದ ಬಳಿಕ ಬಣ್ಣದ ಆರನ್ನೂ ಕ್ರಮವಾಗಿ ಹಾಕಬೇಕು. ಪ್ರತಿ ಕೆಂಪಿನ ಜೊತೆಗೂ ಕಪ್ಪನ್ನೇ ಹಾಕಿದರೆ ಹದಿನೈದು ಎಂಟಲಿ 120, ಕೊನೆಯ ಬಣ್ಣಗಳ 27 ಸೇರಿ 147. ಒಂದೇ ಸರದಿಯಲ್ಲಿ ಗಳಿಸಬಹುದಾದ ಪೂರ್ಣಾಂಕವೆಂದು ಹೇಳುವುದು ಇದನ್ನೇ. ಇಂತಹ ಒಂದು ಸುತ್ತಿಗೆ 'ಫ್ರೇಮ್' ಎಂದು ಹೆಸರು. ಬಿಲಿಯರ್ಡ್ಸ್ ಇದರ ಅಣ್ಣ. ಮೇಜು ಅದೇ, ಚೆಂಡು ಮಾತ್ರ ಮೂರು.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಎಂದು ತಿಳಿದಿರುವವರೇ ಹೆಚ್ಚು. ಅದು ಹುಟ್ಟಿದ್ದು ಜಬ್ಬಲಪುರದ ಸೈನ್ಯಾಧಿಕಾರಿಗಳ ಭೋಜನಶಾಲೆಯಲ್ಲಿ, 1875ರ ಸುಮಾರಿಗೆ. ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿಯ ಕೈಯಲ್ಲಿ. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವರ ಹೆಸರೂ ಇದೇ, ಮನುಷ್ಯ ಬೇರೆ.) ಅದರ ನಿಯಮಗಳು ಬರಹಕ್ಕಿಳಿದು ಗೋಡೆಯೇರಿದ್ದು ಮೈಸೂರಿನಾಚೆಯ ಉದಕಮಂಡಲದ ಕ್ಲಬ್ಬಿನಲ್ಲಿ. ಆದ್ದರಿಂದ 'ಪರದೇಶದ ಆಟ ನಮಗೇಕೆ' ಎನ್ನುವವರು ಈ ಒಂದು ಆಟದ ವಿಷಯದಲ್ಲಿಯಾದರೂ ಸ್ವಲ್ಪ ತಾಳಿಕೊಳ್ಳಬಹುದು.

ಇನ್ನು ಶ್ರೇಯಾಂಕದ ಮಾತು. ವೃತ್ತಿನಿರತ ಸ್ನೂಕರ್ ಆಟಗಾರರ ಬಳಗವೊಂದಿದೆ. ಸುಮಾರು 128 ಮಂದಿ. ಈ ಬಳಗದವರಿಗೆ ವರ್ಷದುದ್ದಕ್ಕೂ ಪಂದ್ಯಾವಳಿಗಳು ನಡೆಯುತ್ತವೆ, ಹೆಚ್ಚಿನವು ಬ್ರಿಟನ್ನಿನಲ್ಲಿ ಮತ್ತು ಚೀನದಲ್ಲಿ. ಇವುಗಳಲ್ಲಿ ಯಾವ ಪಂದ್ಯಾವಳಿಯ ಫಲಿತಾಂಶವು ಆಟಗಾರನ ಸ್ಥಾನವನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಲೆಕ್ಕಕ್ಕೆ ಬರುವುದೋ ಅದೇ ಶ್ರೇಯಾಂಕ ಪಂದ್ಯಾವಳಿ. ಈ ಪಟ್ಟಿಯ ಪದ್ಧತಿ 1976ರಲ್ಲಿ ಆರಂಭವಾಯಿತು. ಬಹುಕಾಲ ಪ್ರತಿ ಪಂದ್ಯಾವಳಿಗೂ ಇಂತಿಷ್ಟು ಅಂಕವೆಂದು ಗೊತ್ತುಪಡಿಸಿದ್ದರು. 2014ರಿಂದ ಈಚೆಗೆ ಗೆದ್ದ ಹಣವೇ ಅಂಕ, ಒಂದು ಪೌಂಡಿಗೆ ಒಂದು. ಹಿಂದಿನ ಎರಡು ವರ್ಷಗಳ ಗಳಿಕೆ ಮಾತ್ರ ಎಣಿಕೆಗೆ ಬರುತ್ತದೆ. ಎರಡು ವರ್ಷ ತುಂಬಿದ ಕೂಡಲೆ ಹಳೆಯದು ಬಿದ್ದುಹೋಗುತ್ತದೆ.

ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೂಡಿನ ಮಾರುಕಟ್ಟೆಗೆ ಲಾಟು ಹಾಕಿದ ರೈತನನ್ನು ಯಾರೂ 'ಮೂರು ವರ್ಷದ ಹಿಂದೆ ನಿನ್ನ ಗೂಡಿಗೆ ಎಷ್ಟು ಧಾರಣೆ ಸಿಕ್ಕಿತ್ತು' ಎಂದು ಕೇಳುವುದಿಲ್ಲ. ಜಾಲರಿಯ ಮೇಲೆ ಈ ಹೊತ್ತು ಏನು ಸುರಿದಿದೆಯೋ ಅದರ ಮೇಲೆಯೇ ಹರಾಜು. ಹಿಂದಿನ ಬೆಳೆಯ ಒಳ್ಳೆಯ ಹೆಸರಿನಿಂದ ಈ ಬೆಳೆಯ ಹುಳು ಗೂಡು ಕಟ್ಟುವುದಿಲ್ಲ. ಇನ್ನೂ ಒಂದು ಹೋಲಿಕೆಯುಂಟು: ಮಾರುಕಟ್ಟೆಗೆ ಬಾರದ ಗೂಡಿಗೆ, ಅದೆಷ್ಟು ಒಳ್ಳೆಯ ಗೂಡಾಗಿದ್ದರೂ, ಅಂದಿನ ಧಾರಣೆಪಟ್ಟಿಯಲ್ಲಿ ಸ್ಥಳವಿಲ್ಲ. ಚಿಂತಾಮಣಿಯ ಗೆಳೆಯನ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿಯೇ ಇದೆ.

ಪಟ್ಟಿಯಲ್ಲಿ ಮೊದಲ 16 ಮಂದಿಗೆ ಷೆಫೀಲ್ಡಿನ ಕ್ರೂಸಿಬಲ್ ನಾಟಕಶಾಲೆಯಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಷಿಪ್ಪಿಗೆ ನೇರ ಪ್ರವೇಶ. ಮೊದಲ 64ರೊಳಗಿದ್ದವರು ಬಳಗದಲ್ಲಿ ಉಳಿಯುತ್ತಾರೆ. ಹೊಸದಾಗಿ ಬಂದವನಿಗೆ ಎರಡು ವರ್ಷದ ಅವಕಾಶ ಕೊಡುತ್ತಾರೆ. ಅಷ್ಟರಲ್ಲಿ ಮೇಲೇರದಿದ್ದರೆ ಬಹುಮಟ್ಟಿಗೆ ಹೊರಗೆ ಹೋಗಿ ಮತ್ತೆ ಅರ್ಹತೆಯ ಪಂದ್ಯಗಳನ್ನು ಆಡಿ ಬರಬೇಕು. ಪರೀಕ್ಷೆಯಲ್ಲಿ ಒಮ್ಮೆ ತೇರ್ಗಡೆಯಾದರೆ ಆ ಪ್ರಮಾಣಪತ್ರ ನಮ್ಮ ಕೈಬಿಡುವುದಿಲ್ಲ. ಇಲ್ಲಿ ಮಾತ್ರ ಪ್ರತಿ ವರ್ಷವೂ ಪರೀಕ್ಷೆ, ಪ್ರತಿ ವರ್ಷವೂ ಹಳೆಯ ಅಂಕಪಟ್ಟಿಯನ್ನು ಹರಿದುಹಾಕುತ್ತಾರೆ.

ಇಂತಹ ಶ್ರೇಯಾಂಕ ಪಂದ್ಯಾವಳಿ ಭಾರತಕ್ಕೆ ಮೊದಲು ಬಂದದ್ದು 2013ರ ಅಕ್ಟೋಬರಿನಲ್ಲಿ, ದೆಹಲಿಗೆ. ಅದೇ ಇಂಡಿಯನ್ ಓಪನ್. ಆಟ ಈ ನೆಲದಲ್ಲಿ ಹುಟ್ಟಿ ನೂರಮೂವತ್ತೆಂಟು ವರ್ಷಗಳಾದ ಮೇಲೆ! ಗೆದ್ದವನಿಗೆ 50 ಸಾವಿರ ಪೌಂಡು. ಏಳು ಫ್ರೇಮುಗಳಲ್ಲಿ ಮೊದಲು ನಾಲ್ಕನ್ನು ಗೆದ್ದವನು ಮುಂದಿನ ಸುತ್ತಿಗೆ. ಅಂತಿಮ ಪಂದ್ಯ ಮಾತ್ರ ಒಂಬತ್ತರಲ್ಲಿ ಐದು. ಪಂದ್ಯಾವಳಿ ದೆಹಲಿಯದಾದರೂ ಅರ್ಹತೆಯ ಸುತ್ತು ಮುಂಚೆಯೇ ಇಂಗ್ಲೆಂಡಿನಲ್ಲಿ ನಡೆದಿತ್ತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಸ್ವದೇಶದಲ್ಲಿ ಆಡುವ ಭಾಗ್ಯಕ್ಕಾಗಿ ಮೊದಲು ಸಮುದ್ರ ದಾಟಿ ಗೆದ್ದು ಬರಬೇಕು.

ಈ ಮೊದಲ ಪಂದ್ಯಾವಳಿಯಲ್ಲಿಯೇ ಅನಿರೀಕ್ಷಿತವಾದುದೊಂದು ನಡೆಯಿತು. ಮುಂಬಯಿಯ ಆದಿತ್ಯ ಮೆಹ್ತಾ ಎಂಬ ತರುಣ, ಅದೇ ವರ್ಷದ ಬೇಸಗೆಯಲ್ಲಿ ಕೊಲಂಬಿಯದ ಕಾಲಿ ನಗರದ ವಿಶ್ವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವನು, ಇಲ್ಲಿ ಒಂದೊಂದೇ ಸುತ್ತು ದಾಟುತ್ತ ಉಪಾಂತ್ಯಕ್ಕೆ ಬಂದನು. ಅಲ್ಲಿ ಎದುರಾದವನು ಸ್ಕಾಟ್ಲೆಂಡಿನ ಸ್ಟೀಫನ್ ಮಗ್ವಾಯರ್. ಹಿಂದೆಯೇ ಹಲವು ಶ್ರೇಯಾಂಕ ಪದವಿಗಳನ್ನು ಪಡೆದಿದ್ದ ಗಟ್ಟಿ ಆಟಗಾರ. ಮೂರಕ್ಕೆ ಮೂರು ಸಮವಾಗಿ, ಏಳನೆಯ ಫ್ರೇಮಿನಲ್ಲಿ ಮೆಹ್ತಾ ಗೆದ್ದನು. ಶ್ರೇಯಾಂಕ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಭಾರತೀಯನೊಬ್ಬನು ಕಾಲಿಟ್ಟದ್ದು ಅದೇ ಮೊದಲು. ಅಂತಿಮ ಪಂದ್ಯದಲ್ಲಿ ಚೀನದ ಡಿಂಗ್ ಜುನ್‌ಹುಯಿ ಅವನಿಗೆ ಒಂದು ಫ್ರೇಮನ್ನೂ ಬಿಟ್ಟುಕೊಡಲಿಲ್ಲ, 5–0.

ಈ ಐದು–ಸೊನ್ನೆಯನ್ನು ಓದಿ ಮೂಗು ಮುರಿಯುವವರು ಡಿಂಗ್‌ನ ಆ ವರ್ಷವನ್ನು ನೋಡಬೇಕು. ದೆಹಲಿಗೆ ಬರುವ ಮುನ್ನ ಷಾಂಘಾಯಿಯಲ್ಲಿ ಗೆದ್ದಿದ್ದನು. ದೆಹಲಿಯ ಬಳಿಕ ಇಂಟರ್‌ನ್ಯಾಷನಲ್ ಚಾಂಪಿಯನ್‌ಷಿಪ್, ಜರ್ಮನ್ ಮಾಸ್ಟರ್ಸ್, ಚೈನಾ ಓಪನ್. ಒಂದೇ ಋತುವಿನಲ್ಲಿ ಐದು ಶ್ರೇಯಾಂಕ ಪದವಿ. ಸ್ಟೀಫನ್ ಹೆಂಡ್ರಿ ಎಂಬ ಮಹಾಶಯನು 1990–91ರಲ್ಲಿ ಮಾಡಿದ್ದ ದಾಖಲೆಗೆ ಇದು ಸರಿಸಮ. ಪ್ರವಾಹ ಬಂದ ದಿನ ಹೊಳೆಗೆ ಇಳಿದವನು ಈಜು ಬಾರದವನೆಂದು ಹೇಳುವುದು ನ್ಯಾಯವಲ್ಲ. ಫಲಿತಾಂಶದ ಅಂಕಿಯನ್ನಷ್ಟೇ ಓದಿದರೆ ತಪ್ಪು ತಿಳಿವಳಿಕೆ ಬರುವುದುಂಟೆಂಬುದಕ್ಕೆ ನನಗೆ ಸಿಕ್ಕ ಮೊದಲ ಉದಾಹರಣೆ ಇದು.

ಎರಡನೆಯದು 2014ರ ಲೆಕ್ಕದ್ದಾದರೂ ಮುಂದಕ್ಕೆ ಹೋಗಿ 2015ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆಯಿತು; ವೇಲ್ಸಿನ ಮೈಕೇಲ್ ವೈಟ್ ಇಂಗ್ಲೆಂಡಿನ ರಿಕಿ ವಾಲ್ಡನ್‌ನನ್ನು 5–0ಯಿಂದ ಸೋಲಿಸಿದನು. 2016ರ ಜುಲೈನಲ್ಲಿ ಹೈದರಾಬಾದು: ಸ್ಕಾಟ್ಲೆಂಡಿನ ಆಂಟನಿ ಮೆಗಿಲ್, ಕೈರನ್ ವಿಲ್ಸನ್‌ನ ಮೇಲೆ 5–2. 2017ರ ಸೆಪ್ಟೆಂಬರಿನಲ್ಲಿ ವಿಶಾಖಪಟ್ಟಣ: ಅದೇ ಮೆಗಿಲ್ ಪದವಿಯನ್ನು ಉಳಿಸಿಕೊಳ್ಳಲು ಅಂತಿಮ ಪಂದ್ಯದವರೆಗೆ ಬಂದನಾದರೂ ತನ್ನ ನಾಡಿನವನೇ ಆದ ಹಿರಿಯ ಜಾನ್ ಹಿಗಿನ್ಸ್‌ನಿಂದ 5–1ರಲ್ಲಿ ಸೋತನು. ಐದನೆಯದು ಕೊಚ್ಚಿಯಲ್ಲಿ, 2019ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲವರೆಗೆ. ಇಂಗ್ಲೆಂಡಿನ ಮ್ಯಾಥ್ಯೂ ಸೆಲ್ಟ್, ಚೀನದ ಲ್ಯೂ ಹಾವ್‌ಟಿಯನ್‌ನ ವಿರುದ್ಧ 5–3. ಕೊಚ್ಚಿಯ ಬಳಿಕ ಸರಣಿ ಮುಂದುವರಿಯಲಿಲ್ಲ.

ಈ ಐವರು ವಿಜೇತರಲ್ಲಿ ಮೂವರಿಗೆ, ಎಂದರೆ ವೈಟ್, ಮೆಗಿಲ್ ಮತ್ತು ಸೆಲ್ಟರಿಗೆ, ಅದು ಜೀವನದ ಮೊದಲ ಶ್ರೇಯಾಂಕ ಪದವಿ. ಸೆಲ್ಟ್ 2002ರಲ್ಲಿ ವೃತ್ತಿಗಿಳಿದವನು. ಹದಿನೇಳು ವರ್ಷ ಊರೂರು ಸುತ್ತಿ, ಸೋತು, ಕೋಲನ್ನು ಪೆಟ್ಟಿಗೆಯೊಳಗಿಟ್ಟು ಮತ್ತೆ ಮುಂದಿನ ಊರಿಗೆ ಹೋಗಿ, ಕಡೆಗೆ ಕೇರಳದ ಹಿನ್ನೀರಿನ ದಡದಲ್ಲಿ ಗೆದ್ದನು. ಈ ಐದು ಊರುಗಳ ಫಲಿತಾಂಶಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇದೇ. ಡಿಂಗ್‌ನ ಐದು ಪದವಿಗಳಿಗಿಂತ ಈ ಒಂದು ಪದವಿಯನ್ನು ಅರ್ಥಮಾಡಿಕೊಳ್ಳುವುದು ನಮ್ಮಂಥವರಿಗೆ ಸುಲಭ.

ದೆಹಲಿ, ಮುಂಬಯಿ, ಹೈದರಾಬಾದು, ವಿಶಾಖಪಟ್ಟಣ, ಕೊಚ್ಚಿ. ಪಟ್ಟಿಯಲ್ಲಿ ಬೆಂಗಳೂರಿಲ್ಲ. ನಂದಿಬೆಟ್ಟದ ಆಚೆಯ ಆ ಊರಿಗೆ ನಮ್ಮಲ್ಲಿ ಅರ್ಧ ಮಂದಿ ವಾರಕ್ಕೊಮ್ಮೆ ಹೋಗಿಬರುವವರು; ಆದ್ದರಿಂದ ಇದನ್ನು ಕೇಳಿ ಒಂದಿಷ್ಟು ಕಸಿವಿಸಿಯಾಗುವುದು ಸಹಜ. ಆದರೆ ಬೆಂಗಳೂರಿಗೆ ಬೇರೊಂದು ಬಗೆಯ ಪಾತ್ರ ದೊರಕಿದೆ. ಅದು ವೃತ್ತಿನಿರತರ ಊರಾಗಲಿಲ್ಲ. ವೃತ್ತಿಗೆ ಹೋಗಲಿರುವವರು ಹಾದುಹೋಗುವ ಹೊಸ್ತಿಲಾಯಿತು.

ಹವ್ಯಾಸಿ ಆಟಗಾರರಿಗಾಗಿ ಬೇರೆಯೇ ಒಂದು ವಿಶ್ವ ಚಾಂಪಿಯನ್‌ಷಿಪ್ ಉಂಟು. ಅದನ್ನು ನಡೆಸುವುದು ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ. ಇದರಲ್ಲಿ ಗೆದ್ದವನೂ ವಿಶ್ವ ಚಾಂಪಿಯನ್ನನೇ. ಆದರೆ ಈ ಗೆಲುವಿನಿಂದ ವೃತ್ತಿನಿರತರ ಪಟ್ಟಿಗೆ ಒಂದು ಅಂಕವೂ ಸೇರುವುದಿಲ್ಲ. ಇದೇ ನಮ್ಮ ಗೆಳೆಯನ ಪ್ರಶ್ನೆಯ ಗಂಟು. ಈ ಚಾಂಪಿಯನ್‌ಷಿಪ್ 1987ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಗೆದ್ದವನು ವೇಲ್ಸಿನ ಡ್ಯಾರನ್ ಮಾರ್ಗನ್. ಏಳು ವರ್ಷಗಳಲ್ಲಿ ಅವನು ಕ್ರೂಸಿಬಲ್ಲಿನ ಉಪಾಂತ್ಯ ತಲಪಿದನು. 2011ರಲ್ಲಿ ಮತ್ತೆ ಬೆಂಗಳೂರು: ಇರಾನಿನ ಹುಡುಗ ಹುಸೇನ್ ವಫಾಯಿ ವೇಲ್ಸಿನ ಲೀ ವಾಕರ್‌ನನ್ನು 10–9ರಲ್ಲಿ, ಎಂದರೆ ಉಳಿದಿದ್ದ ಒಂದೇ ಫ್ರೇಮಿನಲ್ಲಿ, ಗೆದ್ದನು. ಹನ್ನೊಂದು ವರ್ಷದ ತರುವಾಯ, 2022ರಲ್ಲಿ, ಶ್ರೇಯಾಂಕ ಪಂದ್ಯಾವಳಿಯೊಂದನ್ನು ಗೆದ್ದ ಮೊದಲ ಇರಾನಿ ಎನಿಸಿದನು. 2014ರಲ್ಲಿ ಮೂರನೆಯ ಸಲ ಬೆಂಗಳೂರು: ಚೀನದ ಯಾನ್ ಬಿಂಗ್‌ಟಾವ್ ಪಾಕಿಸ್ತಾನದ ಮಹಮ್ಮದ್ ಸಜ್ಜಾದನನ್ನು 8–7ರಲ್ಲಿ ಸೋಲಿಸಿದನು. ಆಗ ಅವನ ವಯಸ್ಸು ಹದಿನಾಲ್ಕು. ನಮ್ಮಲ್ಲಾದರೆ ಎಂಟನೆಯ ಒಂಬತ್ತನೆಯ ತರಗತಿಯ ಹುಡುಗ. 2019ರಲ್ಲಿ ಅವನಿಗೂ ಶ್ರೇಯಾಂಕ ಪದವಿ ದೊರಕಿತು. 2023ರಲ್ಲಿ ಪಂದ್ಯಗಳನ್ನು ಮಾರಿಕೊಂಡ ಅಪರಾಧಕ್ಕಾಗಿ ಐದು ವರ್ಷ ನಿಷೇಧವೂ ಆಯಿತು. ಹಣವೇ ಅಂಕವಾಗಿರುವ ಕಡೆ ಇಂತಹ ಅಪಾಯವೂ ಇರುವುದೆಂದು ಹೇಳಿ ಮುಂದಕ್ಕೆ ಹೋಗುತ್ತೇನೆ.

ಹೊಸ್ತಿಲು ದಾಟಿ ಹೋಗಿ, ನೋಡಿ, ತಿರುಗಿ ಮನೆಗೆ ಬಂದವರು ಪಂಕಜ್ ಅಡ್ವಾಣಿ.

ಅವರು ಹುಟ್ಟಿದ್ದು 1985ರ ಜುಲೈ 24ರಂದು ಪುಣೆಯಲ್ಲಿ, ಎಳೆಯ ವಯಸ್ಸಿನ ಕೆಲವು ವರ್ಷ ಕುವೈತಿನಲ್ಲಿ, ಆಮೇಲೆ ಬೆಂಗಳೂರು. ಅಣ್ಣ ಶ್ರೀ ಅಡ್ವಾಣಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಗೆ ಆಡಲು ಹೋಗುತ್ತಿದ್ದಾಗ, ಹತ್ತು ವರ್ಷದ ತಮ್ಮನೂ ಹಿಂದೆಯೇ ಹೋಗಿ ನೋಡುತ್ತ ನಿಂತು ಆಟ ಕಲಿತನೆಂಬುದು ಎಲ್ಲರೂ ಬಲ್ಲ ಕಥೆ. ಅಲ್ಲಿ ಅವರಿಗೆ ಗುರುವಾಗಿ ದೊರಕಿದವರು ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ನರಾಗಿದ್ದ ಅರವಿಂದ ಸವೂರ್. 2003ರಲ್ಲಿ, ಹದಿನೆಂಟು ವರ್ಷದವರಾಗಿದ್ದಾಗ, ಚೀನದ ಜಿಯಾಂಗ್‌ಮೆನ್ನಿನಲ್ಲಿ ಹವ್ಯಾಸಿ ವಿಶ್ವ ಸ್ನೂಕರ್ ಪದವಿಯನ್ನು ಗೆದ್ದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡು ಬಗೆಗಳಲ್ಲಿಯೂ, ಎಂದರೆ ಅಂಕದ ಲೆಕ್ಕದಲ್ಲಿಯೂ ಕಾಲದ ಲೆಕ್ಕದಲ್ಲಿಯೂ, ವಿಶ್ವಪದವಿ. 2008ರಲ್ಲಿ ಅದೇ ಜೋಡಿ ಸಾಹಸ ತಮ್ಮ ಊರಾದ ಬೆಂಗಳೂರಿನಲ್ಲಿ. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ಬಿಲಿಯರ್ಡ್ಸಿನ ಭೀಷ್ಮನೆನಿಸಿದ್ದ ಮೈಕ್ ರಸೆಲ್‌ನನ್ನು 2030ಕ್ಕೆ 1253 ಅಂಕಗಳಿಂದ ಸೋಲಿಸಿ ವೃತ್ತಿನಿರತರ ವಿಶ್ವ ಬಿಲಿಯರ್ಡ್ಸ್ ಪದವಿ.

ಇದಾದ ಮೇಲೆ 2012ರಲ್ಲಿ ಅವರು ವೃತ್ತಿನಿರತ ಸ್ನೂಕರಿನ ಬಳಗವನ್ನು ಸೇರಿದರು. ಮರುವರ್ಷವೇ ವೆಲ್ಷ್ ಓಪನ್ನಿನಲ್ಲಿ ಕೊನೆಯ ಎಂಟು ಮಂದಿಯಲ್ಲಿ ಒಬ್ಬರಾದರು. ಶ್ರೇಯಾಂಕ ಪಂದ್ಯಾವಳಿಯೊಂದರಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯರು ಅವರೇ. ಇನ್ನೇನು ಮೇಲೇರಿದರು ಎಂದು ಎಲ್ಲರೂ ಎದುರು ನೋಡುತ್ತಿದ್ದಾಗ, ಎರಡು ವರ್ಷದ ಕೊನೆಗೆ, 2014ರಲ್ಲಿ, ಬಳಗವನ್ನು ಬಿಟ್ಟರು. ತಾಯ್ನಾಡಿನಲ್ಲಿ ಹೆಚ್ಚು ಕಾಲ ಇರಬೇಕು, ಬಿಲಿಯರ್ಡ್ಸನ್ನೂ ಸ್ನೂಕರನ್ನೂ ಜೊತೆಗೇ ಆಡಬೇಕು ಎಂಬುದು ಅವರ ಬಯಕೆಯಾಗಿತ್ತು.

ಈ ನಿರ್ಧಾರ ಸರಿಯೇ ತಪ್ಪೇ ಎಂಬ ವಿಷಯದಲ್ಲಿ ನಮ್ಮ ಅಧ್ಯಾಪಕರೊಬ್ಬರಿಗೂ ನನಗೂ ವಾದವಾಯಿತು. "ಎಲ್ಲರಿಗಿಂತ ಕಠಿಣವಾದ ಪರೀಕ್ಷೆ ಇರುವ ಕಡೆ ಹೋಗದೆ ಇನ್ನೊಂದು ಪರೀಕ್ಷೆಯಲ್ಲಿ ಇಪ್ಪತ್ತೆಂಟು ಸಲ ಮೊದಲನೆಯವನಾದರೆ ಏನು ಬಂತಪ್ಪ?" ಎಂದರು ಅವರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಇಪ್ಪತ್ತೆಂಟರಲ್ಲಿ ಹೆಚ್ಚಿನವು ಬಿಲಿಯರ್ಡ್ಸಿನವು. ಹದಿನೈದು ಕೆಂಪಿನ ಪೂರ್ಣ ಸ್ನೂಕರಿನಲ್ಲಿ ವೈಯಕ್ತಿಕ ವಿಶ್ವಪದವಿ ಮೂರು: 2003, 2015, 2017. ಬಿಲಿಯರ್ಡ್ಸನ್ನು ಗಂಭೀರವಾಗಿ ಆಡುವ ದೇಶಗಳು ಸ್ನೂಕರಿನಷ್ಟು ಇಲ್ಲವೆಂಬುದೂ ನಿಜ. ಇದನ್ನು ಮುಚ್ಚಿಟ್ಟು ಬರೆಯುವ ಅಭಿಮಾನದ ಲೇಖನಗಳಿಂದ ಆಟಗಾರನಿಗೂ ಉಪಕಾರವಿಲ್ಲ, ಓದುಗರಿಗೂ ಇಲ್ಲ.

ಆದರೂ ನಾನು ಅಧ್ಯಾಪಕರಿಗೆ ಸೋಲಲಿಲ್ಲ. ನನ್ನ ಕೈಯಲ್ಲಿ ಒಂದು ಫಲಿತಾಂಶವಿದ್ದಿತು.

2015ರ ನವೆಂಬರು. ಈಜಿಪ್ಟಿನ ಹುರ್ಗಾದಾ ಎಂಬ ಸಮುದ್ರತೀರದ ಊರು. ಹವ್ಯಾಸಿ ವಿಶ್ವ ಸ್ನೂಕರಿನ ಅಂತಿಮ ಪಂದ್ಯ. ಒಂದು ಕಡೆ ಮೂವತ್ತು ವರ್ಷದ ಅಡ್ವಾಣಿ, ಇನ್ನೊಂದು ಕಡೆ ಹದಿನೆಂಟು ವರ್ಷದ ಎಡಗೈ ಆಟಗಾರ, ಚೀನದ ಜಾವ್ ಶಿನ್‌ಟಾಂಗ್. ಹದಿನೈದರಲ್ಲಿ ಎಂಟು ಗೆಲ್ಲಬೇಕಾದ ಪಂದ್ಯ. ಬೆಂಗಳೂರಿನವರು 8–6ರಲ್ಲಿ ಗೆದ್ದರು. ಗೆದ್ದವರು ವೃತ್ತಿನಿರತ ಬಳಗಕ್ಕೆ ಹೋಗದೆ ಬೆಂಗಳೂರಿಗೆ ಮರಳಿದರು. ಸೋತ ಹುಡುಗ 2016ರಲ್ಲಿ ಬಳಗ ಸೇರಿದನು. 2021ರಲ್ಲಿ ಅವನಿಗೆ ಯು.ಕೆ. ಚಾಂಪಿಯನ್‌ಷಿಪ್. ಬಳಿಕ ಯಾನ್ ಬಿಂಗ್‌ಟಾವ್ ಸಿಕ್ಕಿಬಿದ್ದ ಅದೇ ಹಗರಣದಲ್ಲಿ, ತಾನು ಯಾವ ಪಂದ್ಯವನ್ನೂ ಮಾರಿಕೊಳ್ಳದಿದ್ದರೂ, ಇನ್ನೊಬ್ಬನ ಕೃತ್ಯದಲ್ಲಿ ಭಾಗಿಯಾದನು ಮತ್ತು ಪಂದ್ಯಗಳ ಮೇಲೆ ಪಣ ಕಟ್ಟಿದನು ಎಂಬ ಕಾರಣಕ್ಕಾಗಿ 20 ತಿಂಗಳ ನಿಷೇಧವನ್ನು ಅನುಭವಿಸಿದನು. ನಿಷೇಧ ಮುಗಿದಾಗ ಬಳಗದಲ್ಲಿ ಅವನಿಗೆ ಸ್ಥಾನವಿರಲಿಲ್ಲ; ಹವ್ಯಾಸಿಯಾಗಿಯೇ 2025ರ ವಿಶ್ವ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತುಗಳನ್ನು ಆಡಿದನು. ನಾಲ್ಕು ಪಂದ್ಯ ಗೆದ್ದು ಕ್ರೂಸಿಬಲ್ಲಿಗೆ ಬಂದನು. ಉಪಾಂತ್ಯದಲ್ಲಿ ರಾನಿ ಓಸುಲಿವಾನ್‌ನನ್ನು 17–7ರಿಂದ, ಅಂತಿಮ ಪಂದ್ಯದಲ್ಲಿ ಮಾರ್ಕ್ ವಿಲಿಯಮ್ಸ್‌ನನ್ನು 18–12ರಿಂದ ಸೋಲಿಸಿ, ಮೇ 5ರಂದು, ಏಷ್ಯಕ್ಕೆ ಮೊದಲ ಕ್ರೂಸಿಬಲ್ ಪದವಿಯನ್ನು ತಂದುಕೊಟ್ಟನು. ಅಂದು ಅವನಿಗೆ ಬಂದ ಬಹುಮಾನ 5 ಲಕ್ಷ ಪೌಂಡು. ಲೆಕ್ಕ ಹಾಕಿ ನೋಡಿ: ದೆಹಲಿಯ ಇಂಡಿಯನ್ ಓಪನ್ನನ್ನು ಹತ್ತು ಸಲ ಗೆದ್ದಷ್ಟು ಅಂಕ ಒಂದೇ ಸಲಕ್ಕೆ!

ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಿನ್ನ ವಾದವೇ ನಿನಗೆ ತಿರುಗಿತಲ್ಲ. ಆ ಹುಡುಗನನ್ನು ಸೋಲಿಸಿದವರು ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು?" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹುರ್ಗಾದಾದ 8–6, ಅಡ್ವಾಣಿಯವರ ಕೈ ಎಂಥದೆಂಬುದಕ್ಕೆ ಸಾಕ್ಷಿ. ಹತ್ತು ವರ್ಷ ಅಲ್ಲಿದ್ದು ಆಡಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ.

ನನ್ನ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಹೇಳುವುದಾದರೆ ಇಷ್ಟು. ಶ್ರೇಯಾಂಕದ ಪಟ್ಟಿ ಅಳೆಯುವುದು ಕೈಚಳಕ ಒಂದನ್ನೇ ಅಲ್ಲ. ತಿಂಗಳುಗಟ್ಟಲೆ ಪರದೇಶದ ಚಳಿಯಲ್ಲಿ ಬಾಡಿಗೆಯ ಕೋಣೆಯಲ್ಲಿ ಇರಬಲ್ಲ ಶಕ್ತಿ, ಮೊದಲ ಸುತ್ತಿನಲ್ಲಿ ಸೋತು ಬರಿಗೈಯಲ್ಲಿ ಮರಳುವುದನ್ನು ತಾಳಬಲ್ಲ ಮನಸ್ಸು, ಪ್ರಯಾಣಕ್ಕೆ ಬೇಕಾದ ಹಣ, ಇವೆಲ್ಲವೂ ಆ ಒಂದು ಅಂಕಿಯೊಳಗೆ ಸೇರಿಕೊಂಡಿವೆ. ಬ್ರಿಟನ್ನಿನ ಹುಡುಗನಿಗೆ ಅದು ತನ್ನ ಮನೆ. ಚೀನದ ಹುಡುಗನಿಗೆ ತನ್ನ ದೇಶದಲ್ಲಿಯೇ ವರ್ಷಕ್ಕೆ ಹಲವು ಶ್ರೇಯಾಂಕ ಪಂದ್ಯಾವಳಿಗಳು. ನಮ್ಮವರಿಗೆ ಆರು ವರ್ಷಗಳಲ್ಲಿ ಐದು ದೊರೆತು, ಅವೂ ನಿಂತುಹೋದವು. ಹೀಗಿರುವಾಗ ಮನೆಗೆ ಮರಳಿದವನನ್ನು ಅಳುಕಿದವನೆಂದು ಕರೆಯುವುದು ತಪ್ಪು. ಆದರೆ ಮರಳಿದ್ದರಿಂದ ನಮಗೆ ನಷ್ಟವೇ ಆಗಿಲ್ಲವೆಂದು ಸಮಾಧಾನ ಹೇಳಿಕೊಳ್ಳುವುದೂ ತಪ್ಪು. ಅಡ್ವಾಣಿಯವರು 2024ರ ನವೆಂಬರಿನಲ್ಲಿ ದೋಹಾದಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್‌ನನ್ನು 4–2ರಿಂದ ಸೋಲಿಸಿ ಇಪ್ಪತ್ತೆಂಟನೆಯ ಪದವಿಯನ್ನು ಪಡೆದಾಗ ಅದೂ ಬಿಲಿಯರ್ಡ್ಸಿನದೇ ಆಗಿದ್ದಿತು.

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟರೆ ನಮ್ಮ ಕಾಲೇಜಿನ ಅರ್ಧ ಮಂದಿ ಈ ಪುಟವನ್ನು ಮಗುಚಿ ಹಾಕುವರು. ಅವರು ಹಾಗೆ ಮಾಡಿದರೆ ತಪ್ಪೂ ಅಲ್ಲ. ಕರ್ನಾಟಕದ ಪರವಾಗಿ ಆಡುವ ವಿದ್ಯಾ ಪಿಳ್ಳೈಯವರು 2017ರಲ್ಲಿ ಸಿಂಗಪುರದಲ್ಲಿ ಮಹಿಳೆಯರ ವಿಶ್ವ ಸ್ನೂಕರಿನ ಅಂತಿಮ ಪಂದ್ಯಕ್ಕೆ ಹೋಗಿ, ಹಾಂಗ್‌ಕಾಂಗಿನ ಎನ್‌ಜಿ ಆನ್‌ಯೀ ಅವರಿಗೆ 6–5ರಲ್ಲಿ ಸೋತರು. ಹತ್ತು ಫ್ರೇಮುಗಳವರೆಗೆ ಸರಿಸಮವಾಗಿದ್ದು ಒಂದು ಫ್ರೇಮಿನಲ್ಲಿ ಕೈತಪ್ಪಿದ ವಿಶ್ವಪದವಿ ಅದು. ಬೆಂಗಳೂರಿನ ಉಮಾದೇವಿಯವರು ಸರ್ಕಾರಿ ಇಲಾಖೆಯೊಂದರ ನೌಕರಿಯಲ್ಲಿದ್ದುಕೊಂಡೇ ಆಡಿ, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಕಚೇರಿಯ ಕಡತ ಮುಗಿಸಿ ಸಂಜೆ ಕೋಲು ಹಿಡಿದವರು ಎಂದ ಮೇಲೆ, ಇದು ಸಿರಿವಂತರ ಕ್ಲಬ್ಬಿನ ಆಟ ಮಾತ್ರ ಎಂದು ಹೇಳುವವರು ಒಮ್ಮೆ ಯೋಚಿಸಬೇಕಾಗುತ್ತದೆ. ಹೀಗೆಂದು ಆ ಮಾತು ಪೂರ್ತಿ ಸುಳ್ಳೆಂದೂ ಅಲ್ಲ. ಮೇಜಿನ ಬೆಲೆ ಕೇಳಿದರೆ ನಮ್ಮ ಕಡೆಯ ರೈತನು ಎರಡು ಜೊತೆ ಎತ್ತಿನ ಮಾತೆತ್ತುವನು.

ಮೇಜಿನ ಮಾತು ಬಂದುದರಿಂದ ಒಂದು ಸ್ವಂತ ಅನುಭವ. ಈ ಲೇಖನಕ್ಕಾಗಿ ಆಟವನ್ನು ಕೈಯಾರೆ ಆಡಿ ನೋಡಬೇಕೆಂದು, ಗೌರಿಬಿದನೂರಿನ ಒಬ್ಬ ಗೆಳೆಯನನ್ನು ಕರೆದುಕೊಂಡು, ಅಂಗಡಿಯೊಂದರ ಮಹಡಿಯ ಮೇಲೆ ಮೇಜು ಹಾಕಿದ್ದ ಕಡೆಗೆ ಹೋದೆನು. ಗಂಟೆಗೆ ಇಂತಿಷ್ಟು ಬಾಡಿಗೆ. ನಾನು ಹೊಡೆದ ಚೆಂಡು ಜೇಬಿನ ಬಾಯಿಯವರೆಗೆ ನೆಟ್ಟಗೆ ಹೋಗಿ, ಕೊನೆಯ ಗೇಣಿನಲ್ಲಿ ಎಡಕ್ಕೆ ಹೊರಳಿತು. ಮತ್ತೆ ಹೊಡೆದೆನು, ಮತ್ತೆ ಎಡಕ್ಕೆ. ನನ್ನ ಕೈಯ ದೋಷವೆಂದು ನಾಚಿಕೊಂಡು ನಿಂತಿದ್ದಾಗ ಅಲ್ಲಿನ ಯಜಮಾನರು, "ಬೇಜಾರು ಮಾಡ್ಕೋಬೇಡಪ್ಪ, ಆ ಮೂಲೆ ಸ್ವಲ್ಪ ಇಳಿಜಾರು. ಇಲ್ಲೇ ದಿನಾ ಆಡೋ ಹುಡುಗರು ಅದನ್ನ ಲೆಕ್ಕ ಹಾಕ್ಕೊಂಡೇ ಹೊಡೀತಾರೆ" ಎಂದರು. ನಿಜಕ್ಕೂ, ಪಕ್ಕದಲ್ಲಿದ್ದ ಹುಡುಗನೊಬ್ಬನು ಬೇಕೆಂದೇ ಬಲಕ್ಕೆ ಗುರಿಯಿಟ್ಟು ಅದೇ ಮೂಲೆಗೆ ಮೂರು ಚೆಂಡುಗಳನ್ನು ಸಲೀಸಾಗಿ ಹಾಕಿದನು. ಆ ಹುಡುಗನನ್ನು ಸಮತಟ್ಟಾದ ಮೇಜಿನ ಮುಂದೆ ನಿಲ್ಲಿಸಿದರೆ ಅವನ ಗುರಿಯೆಲ್ಲವೂ ತಪ್ಪುವುದು. ಅವನು ಇಳಿಜಾರನ್ನು ಮೊದಲು ಮರೆಯಬೇಕಾಗುವುದು.

ಕಡೆಗೆ ಚಿಂತಾಮಣಿಯ ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆನು. ಹವ್ಯಾಸಿ ಪಂದ್ಯಾವಳಿ ಬೇರೆ, ಶ್ರೇಯಾಂಕ ಪಂದ್ಯಾವಳಿ ಬೇರೆ. ಬಿಲಿಯರ್ಡ್ಸ್ ಬೇರೆ, ಸ್ನೂಕರ್ ಬೇರೆ. ಆಡದವನಿಗೆ ಪಟ್ಟಿಯಲ್ಲಿ ಅಂಕವಿಲ್ಲ. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಸರಿ, ಒಪ್ಪಿದೆ. ಆ ಪಟ್ಟಿಯಲ್ಲಿ ಈಗ ನಮ್ಮ ದೇಶದವರು ಯಾರಿದ್ದಾರೆ, ತೋರಿಸು" ಎಂದನು. ನಾನು ಪಟ್ಟಿಯನ್ನು ತೆಗೆದೆನು. ಇಬ್ಬರೂ ಮೇಲಿನಿಂದ ಕೆಳಕ್ಕೆ ಹುಡುಕತೊಡಗಿದೆವು. ಐವತ್ತನೆಯ ಹೆಸರು ದಾಟುವಷ್ಟರಲ್ಲಿ ಒಳಗಿನಿಂದ ಯಾರೋ, ಹಲಗೆ ಖಾಲಿಯಾಯಿತೆಂದು ಕೂಗಿದರು.